ಬೆನ್ನ ಹಿಂದಿನ ಜಾಗ

ಜನವರಿ 11

ದೊಡ್ಡಮ್ಮ,

ನಿನ್ನ ಕಾಗದ ಮುಟ್ಟಿತು. ಸ್ವಂತ ತಂಗಿಯ ಮಗಳಿಗೆ ಯಾರಾದರೂ "ಮಾನ್ಯರೇ" ಅಂತ ಬರೆಯುತ್ತಾರಾ? ಅದೂ ಅಂಗಡಿಯ ವಿಳಾಸಕ್ಕೆ! ಇವರು ಒಡೆದು ಓದಿ, "ಯಾರೋ ಬೆಟ್ಟದ ಮೇಲಿನ ಹೆಂಗಸಂತೆ, ಸಣ್ಣ ತೊರೆಯಲ್ಲಿ ಮೀನು ಹಿಡಿಯಲು ಹಗುರವಾದ ಫ್ಲೈ ರಾಡು ಬೇಕಂತೆ, ನೀನೇ ಉತ್ತರ ಬರಿ" ಅಂತ ಕೌಂಟರಿನ ಮೇಲೆ ಇಟ್ಟು ಹೋದರು. ಕೆಳಗೆ ಯಾರ ಸಹಿ ಇದೆ ಅಂತಲೂ ನೋಡಿಲ್ಲ, ಪುಣ್ಯಾತ್ಮರು. ನನಗೆ ಅಕ್ಷರ ನೋಡಿದ ಕೂಡಲೇ ಗೊತ್ತಾಯಿತು. ಜೀವಮಾನವೆಲ್ಲ ಆಸ್ಪತ್ರೆಯ ಚಾರ್ಟು ಬರೆದು ಕೆಟ್ಟುಹೋದ ನರ್ಸಮ್ಮನ ಅಕ್ಷರ ಇನ್ನೆಲ್ಲಿ ಸಿಗಬೇಕು?

ಇರಲಿ, ಗಿರಾಕಿ ಅಂದ ಮೇಲೆ ಗಿರಾಕಿಯೇ. ಸಣ್ಣ ತೊರೆಗೆ ನಾವು ಸಾಮಾನ್ಯವಾಗಿ ಏಳೂವರೆ ಅಡಿ, ಮೂರನೇ ನಂಬರಿನ ರಾಡು ಕೊಡುತ್ತೇವೆ. ಉಳಿದ ಗಾಳಗಳಲ್ಲಿ ಸೀಸದ ಗುಂಡಿನ ಭಾರಕ್ಕೆ ದಾರ ಹಾರುತ್ತದೆ. ಫ್ಲೈ ಅಂದರೆ ಗರಿಗೆ ನೂಲು ಸುತ್ತಿ ಮಾಡಿದ ಸುಳ್ಳು ನೊಣ, ಅದಕ್ಕೆ ಭಾರವೇ ಇಲ್ಲ. ಅದನ್ನು ನೀರಿನವರೆಗೆ ಹೊತ್ತುಕೊಂಡು ಹೋಗುವುದು ದಪ್ಪ ಲೈನಿನ ಭಾರ. ಅದಕ್ಕೇ ಲೈನಿಗೂ ನಂಬರು, ರಾಡಿಗೂ ನಂಬರು, ಎರಡೂ ಹೊಂದಬೇಕು. ನಂಬರು ಸಣ್ಣದಾದಷ್ಟೂ ಹಗುರ. ನಿನಗೆ ಇದನ್ನು ಹೇಳುವುದು ಮೀನಿಗೆ ಈಜು ಕಲಿಸಿದ ಹಾಗೆ ಅಂತ ಗೊತ್ತು. ಏನು ಮಾಡಲಿ, ಬೆಳಗಿನಿಂದ ಸಂಜೆಯವರೆಗೆ ಇದನ್ನೇ ಒದರಿ ಒದರಿ ನಾಲಿಗೆಗೆ ರೂಢಿಯಾಗಿದೆ.

ತೊರೆ ಎಷ್ಟು ಅಗಲ? ಮೀನು ಎಷ್ಟು ದೊಡ್ಡದು? ದಡದಲ್ಲಿ ಮರಗಳಿವೆಯಾ? ಬರೆದರೆ ಸರಿಯಾದದ್ದನ್ನು ಆರಿಸಿ ಕಳಿಸುತ್ತೇನೆ. ಅದು ಸರಿ, ನಿನ್ನ ಹಳೆಯ ಬಿದಿರಿನ ರಾಡಿಗೆ ಏನಾಯಿತು?

ಅಂಗಡಿಯ ಪರವಾಗಿ ವಂದನೆ, ನನ್ನ ಪರವಾಗಿ ಒಂದು ಗುದ್ದು,
ನಿನ್ನ ಕಡ್ಡಿ


ಜನವರಿ 19

ಕಡ್ಡಿ,

ನೀನು ಬರೆದದ್ದು ಕಾಗದವೋ ಅಂಗಡಿಯ ಬೋರ್ಡೋ? "ಸಾಮಾನ್ಯವಾಗಿ ನಾವು ಕೊಡುತ್ತೇವೆ" ಅಂತೆ. ಒಂದು ಸಲವಾದರೂ ತೊರೆಯಲ್ಲಿ ಕಾಲಿಟ್ಟು ನಿಂತಿದ್ದೀಯೇನೆ? ಮದುವೆಯಾದಾಗಿನಿಂದ ಲೋಕಕ್ಕೆಲ್ಲ ರಾಡು ಮಾರಿದೆ, ನಿನ್ನ ಪಾದ ಒದ್ದೆಯಾಗಲಿಲ್ಲ. ದೀಪದ ಬುಡದಲ್ಲಿ ಕತ್ತಲು ಅನ್ನುವುದು ಇದಕ್ಕೇ.

ನನ್ನ ಬಿದಿರಿನ ರಾಡು ಗುಂಡುಕಲ್ಲಿನ ಹಾಗಿದೆ. ಹೊಸದು ನನಗಲ್ಲ. ನಿನ್ನಷ್ಟೇ ಎತ್ತರದ, ನಿನ್ನಷ್ಟೇ ಪುಕ್ಕಲಿಯಾದ, ನಿನ್ನ ಹಾಗೆ ಎಡಗೈ ಬಳಸುವ ಒಬ್ಬಳಿಗೆ. ನಾನು ಗಾಳ ಹಾಕಿದೆ, ನೀನು ಕಚ್ಚಿದೆ. ಈಗ ಒದ್ದಾಡು.

ವಿಷಯ ಇಷ್ಟು. ಹೋದ ಶರತ್ಕಾಲದಲ್ಲಿ ನಾನು ಪಾಚಿಕಲ್ಲಿನ ಮೇಲೆ ಜಾರಿ ಸೊಂಟದುದ್ದ ನೀರಿಗೆ ಬಿದ್ದೆ. ಪಕ್ಕದ ಹಾಲಿನಾಕೆ ಓಡಿಬಂದು ರಟ್ಟೆ ಹಿಡಿದು ಎಳೆದಳು, ದಾರಿಯುದ್ದಕ್ಕೂ ಬೈದಳು. "ಇನ್ನು ಒಬ್ರೇ ನೀರಿಗಿಳಿದ್ರೆ ನಿಮ್ಮ ಮನೆಗೆ ಹಾಲು ಹಾಕೋದನ್ನೇ ನಿಲ್ಲಿಸ್ತೀನಿ ನೋಡಿ" ಅಂದಳು. ಬರಿಯ ಬೆದರಿಕೆಯಲ್ಲ, ನಾನು ಗೇಟಿನವರೆಗೆ ಬೂಟು ಹಾಕಿಕೊಂಡು ಹೋದ ದಿನ ನಿಜವಾಗಿಯೂ ನಿಲ್ಲಿಸಿದಳು. ಈಗ ನಾನು ಕಿಟಕಿಯಲ್ಲಿ ಕೂತು ನನ್ನ ತೊರೆಯನ್ನು ನೋಡುತ್ತೇನೆ. ಪಂಜರದ ಗಿಣಿಗೂ ನನಗೂ ವ್ಯತ್ಯಾಸ ಅಂದರೆ ಗಿಣಿಗೆ ಯಾರಾದರೂ ಹಣ್ಣು ಕೊಡುತ್ತಾರೆ.

ಏಪ್ರಿಲ್ ಹದಿನೈದಕ್ಕೆ ಇಲ್ಲಿ ಮೀನು ಹಿಡಿಯಲು ಅನುಮತಿ ಶುರುವಾಗುತ್ತದೆ. ನೀನು ಬಾ. ಇಬ್ಬರಿದ್ದರೆ ಹಾಲಿನಾಕೆಯೂ ಬಾಯಿ ಮುಚ್ಚುತ್ತಾಳೆ. ತೊರೆ ನಿಮ್ಮ ಅಂಗಡಿಯ ಕೌಂಟರಿನ ಉದ್ದದಷ್ಟು ಅಗಲ, ಕೆಲವೆಡೆ ಅದರ ಎರಡರಷ್ಟು. ಮೀನು ಅಂಗೈಯುದ್ದದ ಚುಕ್ಕೆ ಮೀನು. ಮರಗಳು ಎಲ್ಲೆಲ್ಲೂ. ಈಗ ಗಿರಾಕಿಯನ್ನು ಮರೆತು ನಿನಗೋಸ್ಕರ ಒಂದು ರಾಡು ಆರಿಸು.

ಫೋನು ಇಲ್ಲ, ಬೇಕಾಗಿಯೂ ಇಲ್ಲ. ಅಂಚೆಯ ವ್ಯಾನು ಮಂಗಳವಾರ, ಶುಕ್ರವಾರ ಮಾತ್ರ ಮೇಲಕ್ಕೆ ಬರುತ್ತದೆ, ತಡಮಾಡಬೇಡ.

ಕಿಟಕಿಯಿಂದ,
ದೊಡ್ಡಮ್ಮ


ಫೆಬ್ರವರಿ 6

ದೊಡ್ಡಮ್ಮ,

ತಡವಾಯಿತು, ಬೈಯಬೇಡ. ಎರಡು ಸಲ ಬರೆದು ಹರಿದೆ. ಬರುತ್ತೇನೆ ಅಂತ ಬರೆದರೆ ಸುಳ್ಳಾಗುತ್ತಿತ್ತು, ಬರುವುದಿಲ್ಲ ಅಂತ ಬರೆಯಲು ಕೈ ಏಳಲಿಲ್ಲ.

ನೀನೇ ಯೋಚನೆ ಮಾಡು. ನಿನ್ನ ತೊರೆ ತೆರೆಯುವ ದಿನವೇ ನಮ್ಮ ಅಂಗಡಿಗೆ ಸುಗ್ಗಿ. ಏಪ್ರಿಲ್‌ನಲ್ಲಿ ಗಿರಾಕಿಗಳು ಬಾಗಿಲು ತೆರೆಯುವ ಮೊದಲೇ ಫುಟ್‌ಪಾತಿನಲ್ಲಿ ನಿಂತಿರುತ್ತಾರೆ. ಮೀನು ಕಚ್ಚದ ತಿಂಗಳಲ್ಲಿ ನನಗೆ ಬಿಡುವು, ಆಗ ನಿನ್ನಲ್ಲಿಗೆ ಬಂದು ಏನು ಮಾಡಲಿ? ಅತ್ತೆಗೆ ನಾಲ್ಕಕ್ಕೆ ಚಹಾ, ಅದು ನನ್ನ ಕೈಯಿಂದಲೇ ಆಗಬೇಕು. ಅವರು ಗಲ್ಲಾಪೆಟ್ಟಿಗೆಯ ಪಕ್ಕ ಬೆತ್ತದ ಕುರ್ಚಿಯಲ್ಲಿ ಕೂತು ಬಂದವರಿಗೆಲ್ಲ, "ಸೊಸೇನ ಕೇಳಿ, ಅವಳಿಗೆ ಎಲ್ಲಾ ಗೊತ್ತು" ಅನ್ನುತ್ತಾರೆ. ಹೊಗಳಿಕೆಯೇ. ಆದರೆ ಆ ಹೊಗಳಿಕೆಗೆ ಒಂದು ಬೀಗವಿದೆ. ನಮಗೆ ಮಕ್ಕಳಿಲ್ಲವಲ್ಲ, ಇವರು ಅಂಗಡಿಯೇ ನಮ್ಮ ಮಗು ಅನ್ನುತ್ತಾರೆ. ಹಾಗಾದರೆ ಈ ಮಗು ಶಾಲೆಗೆ ಹೋಗುವುದು ಯಾವಾಗ ಅಂತ ಕೇಳಬೇಕೆನಿಸುತ್ತದೆ.

ಆದರೂ ರಾಡು ಆರಿಸಲು ಶುರು ಮಾಡಿದ್ದೇನೆ. ನಗಬೇಡ. ಮಧ್ಯಾಹ್ನ ಅತ್ತೆ ಮಲಗಿದಾಗ, ಇವರು ಗೋದಾಮಿಗೆ ಹೋದಾಗ, ಅಂಗಡಿಗೂ ಪಕ್ಕದ ಲಾಂಡ್ರಿಗೂ ನಡುವೆ ಇರುವ ಸಂದಿಗೆ ಹೋಗುತ್ತೇನೆ. ಕೈ ಚಾಚಿದರೆ ಎರಡು ಗೋಡೆಯೂ ಸಿಗುತ್ತವೆ. ತಲೆಯ ಮೇಲೆ ಬಟ್ಟೆ ಒಣಗಿಸುವ ತಂತಿಗಳು. ಮೊದಲ ದಿನ ದೊಡ್ಡ ಜಂಬದಿಂದ ರಾಡು ಹಿಂದಕ್ಕೆ ಬೀಸಿ ಮುಂದಕ್ಕೆ ಎಸೆದೆ, ನೋಡಿದರೆ ಅತ್ತೆಯ ಒಳಲಂಗ ಬಂತು. ಅದೇ ನನ್ನ ಮೊದಲ ಬೇಟೆ, ತೂಕ ಚೆನ್ನಾಗಿತ್ತು.

ಈಗ ಎರಡರ ಮಧ್ಯೆ ಸಿಕ್ಕಿಕೊಂಡಿದ್ದೇನೆ. ಒಂದು ಆರಡಿಯದು, ಬಿರುಸು, ಕಂಪನಿಯವರು "ಸಣ್ಣ ತೊರೆಗಾಗಿಯೇ" ಅಂತ ಚೀಟಿ ಅಂಟಿಸಿದ್ದಾರೆ. ಇನ್ನೊಂದು ಏಳಡಿ, ಮೂರನೇ ನಂಬರು, ಮೆತ್ತಗೆ, ಹಿಡಿಯವರೆಗೂ ಬಳುಕುತ್ತದೆ. ಗಿರಾಕಿಗಳು ಅದನ್ನು ಅಲ್ಲಾಡಿಸಿ ನೋಡಿ, "ಇದೇನ್ರೀ ಸೋರೆಬಳ್ಳಿ ಥರ" ಅಂತ ವಾಪಸ್ ಇಡುತ್ತಾರೆ. ಚಿಕ್ಕ ಜಾಗಕ್ಕೆ ಚಿಕ್ಕ ರಾಡೇ ಸರಿ ಅಂತ ಬುದ್ಧಿ ಹೇಳುತ್ತದೆ. ಕೈ ಮಾತ್ರ ಮತ್ತೆ ಮತ್ತೆ ಸೋರೆಬಳ್ಳಿಯ ಕಡೆಗೇ ಹೋಗುತ್ತದೆ.

ಬರುವ ಮಾತಿಲ್ಲದೆಯೂ ಆರಿಸಬಹುದಲ್ಲ?

ಸಂದಿಯಿಂದ,
ಕಡ್ಡಿ


ಫೆಬ್ರವರಿ 16

ಕಡ್ಡಿ,

ಕೈ ಹೇಳಿದ್ದೇ ಸರಿ.

ಬಿರುಸಾದ ರಾಡು ಬಾಗಬೇಕಾದರೆ ಅದರ ತುದಿಯಿಂದ ತುಂಬ ಲೈನು ಹೊರಗಿರಬೇಕು, ಆ ಭಾರಕ್ಕೆ ಅದು ಬಾಗುತ್ತದೆ. ದೊಡ್ಡ ಕೆರೆಯಲ್ಲಿ ಸರಿ. ಇಲ್ಲಿ ಮೂರು ಮಾರು ಲೈನು ಬಿಟ್ಟರೆ ಆಚೆ ದಡದ ಪೊದೆ. ಅಷ್ಟಕ್ಕೆ ಬಿರುಸು ರಾಡು ಪೊರಕೆಕಡ್ಡಿಯ ಹಾಗೆ ನೆಟ್ಟಗೆ ನಿಂತಿರುತ್ತದೆ. ಮೆತ್ತಗಿನದು ಸ್ವಲ್ಪಕ್ಕೇ ಬಾಗುತ್ತದೆ, ಬಾಗಿದ್ದರಿಂದಲೇ ಎಸೆಯುತ್ತದೆ. ಅದಕ್ಕೆ ಮೂರರ ಬದಲು ನಾಲ್ಕನೇ ನಂಬರಿನ ಲೈನು ಹಾಕು. ಚೀಟಿಯಲ್ಲಿ ಹಾಗೆ ಬರೆದಿರುವುದಿಲ್ಲ, ಕಂಪನಿಯವರು ಒಪ್ಪುವುದೂ ಇಲ್ಲ. ಹಾಕಿ ನೋಡು, ಹತ್ತಿರದ ಎಸೆತಕ್ಕೆ ಪ್ರಾಣ ಬರುತ್ತದೆ.

ಇನ್ನೊಂದು ಮಾತು. ನೀವು ಅಂಗಡಿಯವರು ಗಿರಾಕಿಗೆ ಯಾವಾಗಲೂ ಮುಂದಿನ ನೀರು ಎಷ್ಟು ಅಗಲ ಅಂತ ಕೇಳುತ್ತೀರಿ. ಬೆನ್ನ ಹಿಂದೆ ಎಷ್ಟು ಜಾಗವಿದೆ ಅಂತ ಕೇಳಬೇಕು. ಲೈನು ಮೊದಲು ಹಿಂದಕ್ಕೆ ಹೋಗಿ ಆಮೇಲೆ ಮುಂದಕ್ಕೆ ಬರುವುದು ತಾನೇ? ಹಿಂದೆ ಜಾಗವಿಲ್ಲದವನಿಗೆ ಮುಂದೆ ಸಮುದ್ರವಿದ್ದರೂ ಏನು ಬಂತು? ಜಾಗವಿಲ್ಲದಲ್ಲಿ ಎಸೆಯಲು ಬೇರೆ ಉಪಾಯಗಳಿವೆ. ರಾಡನ್ನು ಅಡ್ಡಲಾಗಿ, ಸೊಂಟದ ಎತ್ತರದಲ್ಲಿ ಬೀಸು. ತಂತಿಯ ಕೆಳಗೆ ಹಾಯಿಸು. ಆ ಸಂದಿ ನಿನಗೆ ಪಾಠಶಾಲೆ.

ಈಗ ನಿಜವಾದ ಮಾತಿಗೆ ಬರೋಣ. ನಿನ್ನ ಗಂಡನನ್ನು ಕೇಳಿದ್ದೀಯಾ? ಕೇಳಿರುವುದಿಲ್ಲ, ನಿನ್ನ ಹುಟ್ಟುಗುಣ ನನಗೆ ಗೊತ್ತಿಲ್ಲವೇ. ಏಳು ವರ್ಷದವಳಿದ್ದಾಗ ಬೂಟು ಕಾಲಿಗೆ ಕಚ್ಚಿ ರಕ್ತ ಬಂದರೂ ಹೇಳದೆ ಕುಂಟಿಕೊಂಡು ಶಾಲೆಗೆ ಹೋದವಳು ನೀನು. ಅಳದ ಮಗುವಿಗೆ ತಾಯಿಯೂ ಹಾಲು ಕೊಡಲ್ಲ ಕಣೇ. ಬಾಯಿಬಿಟ್ಟು ಕೇಳು.

ನನಗೆ ನೀನು ಬೇಕು. ಒಬ್ಬಳೇ ಇದ್ದು ಸಾಕಾಗಿದೆ.

ದೊಡ್ಡಮ್ಮ


ಮಾರ್ಚ್ 5

ದೊಡ್ಡಮ್ಮ,

ಕೇಳಿದೆ.

ಮಧ್ಯಾಹ್ನದ ಊಟಕ್ಕೆ ಕೂತಾಗ ಕೇಳಿದೆ, ಬಟ್ಟಲು ಕೈಯಲ್ಲೇ ಇತ್ತು. "ಏಪ್ರಿಲ್‌ನಲ್ಲಿ ಎರಡು ವಾರ ದೊಡ್ಡಮ್ಮನ ಮನೆಗೆ ಹೋಗಿ ಬರ್ಲಾ? ತೊರೆಯಲ್ಲಿ ಮೀನು ಹಿಡಿಯೋದು ಕಲೀಬೇಕು" ಅಂದೆ. ಇವರು ತಕ್ಷಣ, "ಅಯ್ಯೋ, ಅದಕ್ಕೇನಂತೆ! ಹೋಗೋಣ" ಅಂದರು. ಒಂದು ಕ್ಷಣ ನನಗೆ ಮೈಯೆಲ್ಲ ಹಗುರವಾಯಿತು. ಆಮೇಲೆ, "ಈ ಸೀಸನ್ ಒಂದು ಮುಗೀಲಿ. ಜುಲೈಗೆ ಅಮ್ಮನನ್ನೂ ಕರ್ಕೊಂಡು ಎಲ್ಲರೂ ಹೋಗೋಣ, ಒಳ್ಳೆ ಹೋಟೆಲು ನೋಡ್ತೀನಿ" ಅಂದರು. ಜುಲೈಗೆ ತೊರೆ ಮಳೆಗೆ ಉಕ್ಕಿ ಮೀನು ಕಲ್ಲಿನಡಿ ಸೇರುತ್ತದೆ ಅಂದೆ. "ಹೌದಾ? ಹಾಗಿದ್ರೆ ಬರೋ ವರ್ಷ" ಅಂದರು. ಅತ್ತೆ ಪಕ್ಕದಿಂದ, "ಮೀನು ಬೇಕಂದ್ರೆ ಮಾರ್ಕೆಟ್ಟಲ್ಲಿ ಸಿಗುತ್ತಲ್ಲೇ, ಅದಕ್ಯಾಕೆ ಬೆಟ್ಟ ಹತ್ತಬೇಕು" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಅದೇ ನನಗೆ ತಡೆಯಲಾಗುತ್ತಿಲ್ಲ.

ಇವರು ಕೆಟ್ಟವರಾಗಿದ್ದರೆ ಎಷ್ಟು ಸುಲಭವಿತ್ತು! ಬೈಯುವವರಾಗಿದ್ದರೆ ತಿರುಗಿ ಬೈಯುತ್ತಿದ್ದೆ. ಇವರು ಬೇಡ ಅಂತ ಒಂದು ದಿನವೂ ಹೇಳಿದವರಲ್ಲ. ನನ್ನ ಪ್ರತಿಯೊಂದು ಆಸೆಗೂ ಹೂಂ ಅನ್ನುತ್ತಾರೆ, ಆ ಹೂಂನ ಒಳಗೇ ಆಸೆ ಸತ್ತುಹೋಗುತ್ತದೆ. ಜಗಳಕ್ಕೆ ಹಿಡಿಯಲು ಒಂದು ಕೊನೆಯೂ ಸಿಗುವುದಿಲ್ಲ. ಆ ಸಂಜೆ ನನ್ನ ಕಾಲು ನೋಯುತ್ತಿದೆಯೇನೋ ಅಂತ ಕುರ್ಚಿ ತಂದುಕೊಟ್ಟರು. ಕೌಂಟರಿನ ಹಿಂದೆ ಆ ಕುರ್ಚಿಯಲ್ಲಿ ಕೂತು ನನಗೆ ಅಳು ಬಂತು.

ಏಳಡಿಯ ರಾಡನ್ನು ರಿಪೇರಿಗೆ ಬಂದವುಗಳ ಮಧ್ಯೆ ಬಚ್ಚಿಟ್ಟಿದ್ದೇನೆ, ಯಾರಿಗೂ ಮಾರಿಹೋಗದಿರಲಿ ಅಂತ. ನಾಲ್ಕನೇ ನಂಬರಿನ ಲೈನು ಹಾಕಿದ್ದೇನೆ. ನೀನು ಹೇಳಿದ್ದು ನಿಜ, ಪ್ರಾಣ ಬಂತು. ಸಂದಿಯಲ್ಲಿ ಅಡ್ಡಲಾಗಿ ಬೀಸಿ, ಕೊನೆಯಲ್ಲಿರುವ ಚರಂಡಿಯ ಮುಚ್ಚಳಕ್ಕೆ ಹತ್ತರಲ್ಲಿ ಏಳೆಂಟು ಸಲ ತಾಗಿಸುತ್ತೇನೆ.

ನೀನು ಬೇರೆ ಯಾರನ್ನಾದರೂ ಜೊತೆಗೆ ಹುಡುಕಿಕೋ ದೊಡ್ಡಮ್ಮ. ನನ್ನನ್ನು ಕಾಯಬೇಡ.

ಕಡ್ಡಿ


ಮಾರ್ಚ್ 12

ಪೂಜ್ಯ ದೊಡ್ಡಮ್ಮನವರಿಗೆ,

ನಿಮ್ಮ ಅಳಿಯ ಮಾಡುವ ನಮಸ್ಕಾರಗಳು. ನಾನು ಬರೆಯುತ್ತಿರುವುದು ನಿಮ್ಮ ಮಗಳಿಗೆ ಗೊತ್ತಿಲ್ಲ, ಗೊತ್ತಾಗಲೂ ಬಾರದು. ಇದು ಗುಟ್ಟು!

ಮೊನ್ನೆ ಮೆಟ್ಟಿಲಿನ ಕಿಟಕಿಯಿಂದ ನೋಡಿದರೆ ಇವಳು ಪಕ್ಕದ ಸಂದಿಯಲ್ಲಿ ನಿಂತು ರಾಡು ಬೀಸುತ್ತಿದ್ದಳು. ಎಷ್ಟು ಹೊತ್ತು ನೋಡಿದೆನೋ. ಇಷ್ಟು ವರ್ಷವಾಯಿತು, ಅವಳ ಮುಖ ಹಾಗಿದ್ದದ್ದನ್ನು ನಾನು ಕಂಡಿರಲಿಲ್ಲ. ಛೆ, ಇವಳಿಗೆ ಇಷ್ಟು ಆಸೆಯಿದೆ, ನನಗೆ ತಿಳಿಯಲಿಲ್ಲವಲ್ಲ ಅಂತ ಬೇಸರವಾಯಿತು. ಊಟದ ಹೊತ್ತಿನಲ್ಲಿ ಕೇಳಿದಾಗ ನಾನು ಸುಮ್ಮನೆ ಮಾತು ಹಾರಿಸಿಬಿಟ್ಟಿದ್ದೆ.

ಆದ್ದರಿಂದ ಒಂದು ಕೆಲಸ ಹಿಡಿದಿದ್ದೇನೆ. ಹಿತ್ತಿಲಿನ ಹಳೆಯ ಗೋದಾಮನ್ನು ಕೆಡವಿಸಿ ಅಲ್ಲಿ ಉದ್ದನೆಯ ಸಿಮೆಂಟು ತೊಟ್ಟಿ ಕಟ್ಟಿಸುತ್ತಿದ್ದೇನೆ. ಅವಳಿಗೆ ಹೊಸ ಗೋದಾಮು ಅಂತ ಹೇಳಿದ್ದೇನೆ. ಸೀಸನ್ನಿನ ಮೊದಲ ದಿನ ನೀರು ತುಂಬಿಸಿ ಉದ್ಘಾಟನೆ. ಗಿರಾಕಿಗಳು ರಾಡು ಕೊಳ್ಳುವ ಮೊದಲು ಅಲ್ಲೇ ಎಸೆದು ನೋಡಬಹುದು, ಇವಳೇ ನಿಂತು ಕಲಿಸುತ್ತಾಳೆ. ಅವಳ ಆಸೆಯೂ ತೀರಿತು, ಬೆಟ್ಟಕ್ಕೆ ಅಲೆಯುವ ಕಷ್ಟವೂ ತಪ್ಪಿತು, ಅಂಗಡಿಗೂ ಒಳ್ಳೆಯದು. ಅಮ್ಮನಿಗೂ ಕುರ್ಚಿಯಿಂದಲೇ ಕಾಣುತ್ತದೆ.

ಅವಳಿಗೆ ಅಂಗಡಿಯ ಅತ್ಯುತ್ತಮ ರಾಡನ್ನೇ ಉಡುಗೊರೆ ಕೊಡಬೇಕೆಂದಿದ್ದೇನೆ. ಒಂಬತ್ತಡಿ, ಆರನೇ ನಂಬರು, ಹೊಳೆಯುವ ನೀಲಿ. ಸರಿಯೇ? ನೀವು ತಿಳಿದವರು ಹೇಳಬೇಕು.

ನಿಮ್ಮ ಆಶೀರ್ವಾದ ಬೇಡುವ,
ಅಳಿಯ


ಮಾರ್ಚ್ 19

ಅಳಿಯಂದಿರಿಗೆ,

ನಿಮ್ಮ ಕಾಗದ ಓದಿ ರಾತ್ರಿ ನಿದ್ದೆ ಬರಲಿಲ್ಲ. ಸಂತೋಷಕ್ಕೆ ಅಂತಲೇ ಇಟ್ಟುಕೊಳ್ಳಿ.

ತೊಟ್ಟಿ ಒಳ್ಳೆಯ ಯೋಚನೆ. ಒಂದೇ ಒಂದು ಕೊರತೆ. ಕಲಿಸುವವಳು ನೀರಿಗೇ ಇಳಿದವಳಲ್ಲ. ಗಿರಾಕಿಗಳಲ್ಲಿ ಯಾರಾದರೂ ಒಬ್ಬ, "ಅಮ್ಮಾ, ನೀವು ಎಲ್ಲೆಲ್ಲಿ ಹಿಡಿದಿದ್ದೀರಿ?" ಅಂತ ಕೇಳಿದರೆ ಅವಳು ಏನು ಹೇಳಬೇಕು? ಚರಂಡಿಯ ಮುಚ್ಚಳದ ಮೇಲೆ ಅಂತಲೇ? ಅಂಗಡಿಯ ಮರ್ಯಾದೆ ಮೂರು ಕಾಸಿಗೆ ಹೋಗುತ್ತದೆ.

ಹೀಗೆ ಮಾಡೋಣ. ಉದ್ಘಾಟನೆಗೆ ನಾನೇ ಬರುತ್ತೇನೆ. ಏಪ್ರಿಲ್ ಕೊನೆಯವರೆಗೂ ನಿಮ್ಮ ತೊಟ್ಟಿಯ ಪಕ್ಕ ನಿಂತು ಬಂದವರಿಗೆಲ್ಲ ಕಲಿಸುತ್ತೇನೆ. ನನಗೆ ಊಟ, ಒಂದು ಮಂಚ ಸಾಕು. ನಿಮ್ಮ ತಾಯಿಯವರಿಗೆ ನಾಲ್ಕರ ಚಹಾವನ್ನೂ ನಾನೇ ಕೊಡುತ್ತೇನೆ, ಕೈಗುಣ ಚೆನ್ನಾಗಿದೆ ಅಂತ ರೋಗಿಗಳು ಹೇಳುತ್ತಿದ್ದರು. ಆ ದಿನಗಳಲ್ಲಿ ಅವಳು ನನ್ನ ಮನೆಯಲ್ಲಿದ್ದು ತೊರೆಯಲ್ಲಿ ಕಲಿಯಲಿ. ಹಾಲಿನಾಕೆಯ ಕೊಟ್ಟಿಗೆ ಕೂಗಳತೆಯಲ್ಲಿದೆ, ಭಯ ಬೇಡ.

ಈ ಏರ್ಪಾಡಿಗೆ "ಆಗಲಿ" ಅನ್ನುವ ಒಂದೇ ಮಾತು ಬರೆದು ಕಳಿಸಿ. "ಮುಂದಿನ ವರ್ಷ" ಅಂತ ಬರೆದರೆ ನಾನು ಉದ್ಘಾಟನೆಗೂ ಬರುವುದಿಲ್ಲ, ಗುಟ್ಟನ್ನೂ ಉಳಿಸುವುದಿಲ್ಲ.

ರಾಡನ್ನು ಮಾತ್ರ ನೀವು ಆರಿಸಬೇಡಿ. ಒಂಬತ್ತಡಿಯದನ್ನು ನನ್ನ ತೊರೆಗೆ ತಂದರೆ ಕಾಗೆಗೂಡು ಕೀಳಬಹುದು. ಅವಳು ತನ್ನದನ್ನು ಆಗಲೇ ಆರಿಸಿಕೊಂಡಿದ್ದಾಳೆ, ಕೇಳಿದರೆ ತೋರಿಸುತ್ತಾಳೆ.

ಹಿತೈಷಿ,
ನಿಮ್ಮ ದೊಡ್ಡಮ್ಮ


ಏಪ್ರಿಲ್ 15, ಸಂಜೆ

ದೊಡ್ಡಮ್ಮ,

ನಿನ್ನ ಮನೆಯಲ್ಲಿ, ನಿನ್ನ ಮೇಜಿನ ಮುಂದೆ ಕೂತು ನಿನಗೇ ಬರೆಯುತ್ತಿದ್ದೇನೆ. ಇವರು ನಿನ್ನ ಏರ್ಪಾಡಿಗೆ ಆಗಲಿ ಅಂದೇಬಿಟ್ಟರಲ್ಲ, ತೊಟ್ಟಿಯ ಗುಟ್ಟನ್ನೂ ನನಗೆ ಹೇಳಿದರು. ನಿನ್ನೆ ಬಸ್‌ಸ್ಟ್ಯಾಂಡಿನಲ್ಲಿ ನೀನು ಇಳಿದೆ, ನಾನು ಹತ್ತಿದೆ. ಬೀಗದ ಕೈ ಕೊಟ್ಟು, "ಹೋಗು ಹೋಗು, ಬಸ್ ಬಿಡ್ತಾನೆ" ಅಂತ ನನ್ನ ಬೆನ್ನಿಗೆ ಹೊಡೆದೆಯಲ್ಲ, ನೆಟ್ಟಗೆ ಮುಖ ನೋಡಲೂ ಆಗಲಿಲ್ಲ. ನೀನು ಕುಂಟುತ್ತಿದ್ದದ್ದು ಬಸ್ಸಿನ ಹಿಂದಿನ ಗಾಜಿನಲ್ಲಿ ಕಂಡಿತು.

ಇವತ್ತು ಸೋರೆಬಳ್ಳಿ ಹಿಡಿದು ನೀರಿಗೆ ಇಳಿದೆ. ನೀರು ಎಷ್ಟು ತಣ್ಣಗಿದೆ! ಕಾಲು ನನ್ನದಲ್ಲ ಅನ್ನಿಸುವಷ್ಟು. ಮೊದಲ ಎಸೆತ ಮರಕ್ಕೆ, ಎರಡನೆಯದೂ ಮರಕ್ಕೆ, ಮೂರನೆಯದು ನನ್ನ ಟೋಪಿಗೆ. ಅಂಗಡಿಯಲ್ಲಿ ಎಲ್ಲಾ ಗೊತ್ತಿರುವ ಸೊಸೆ ಇಲ್ಲಿ ಕೊಂಬೆ ಹತ್ತಿ ನೊಣ ಬಿಡಿಸಿಕೊಳ್ಳುತ್ತಿದ್ದಳು. ಆಮೇಲೆ ಬಾಗಿದ ಎರಡು ಮರಗಳ ಕೆಳಗೆ ಒಂದು ಕಪ್ಪು ಮಡು ಸಿಕ್ಕಿತು. ಬೆನ್ನ ಹಿಂದೆ ಮುಳ್ಳುಪೊದೆ, ತಲೆಯ ಮೇಲೆ ಕೊಂಬೆ. ನೋಡಿದ ಕೂಡಲೇ ಕೈಗೆ ಗುರುತು ಸಿಕ್ಕಿತು, ಇದು ನಮ್ಮ ಸಂದಿಯೇ! ಅಡ್ಡಲಾಗಿ ಬೀಸಿದೆ. ನೊಣ ಕೊಂಬೆಯ ಕೆಳಗೆ ಹಾಯ್ದು ಕಲ್ಲಿನ ಪಕ್ಕ ಕೂತಿತು. ನೀರು ಒಂದು ಸಲ ಉಬ್ಬಿತು, ರಾಡು ಹಿಡಿಯವರೆಗೂ ಬಾಗಿತು. ಅಂಗೈಯುದ್ದದ ಮೀನು, ಪಕ್ಕೆಯ ಮೇಲೆ ಕೆಂಪು ಚುಕ್ಕೆ. ಕೈ ಒದ್ದೆ ಮಾಡಿಕೊಂಡು ಬಿಡಿಸಿ ನೀರಿಗೇ ಬಿಟ್ಟೆ. ಜೋರಾಗಿ ನಕ್ಕೆ. ಆಮೇಲೆ ಸಿಟ್ಟು ಬಂತು. ಬಸ್ಸಿನಲ್ಲಿ ಒಂದು ದಿನದ ದಾರಿ ಅಷ್ಟೇ ದೊಡ್ಡಮ್ಮ. ಇಷ್ಟು ವರ್ಷ ಇದು ಇಲ್ಲೇ ಹರಿಯುತ್ತಿತ್ತು.

ಸಂಜೆ ಹಾಲಿನಾಕೆ ಬಂದಳು. "ಪಾಪ, ಅವರಿಗೆ ಇದೇ ಕೊನೇ ವರ್ಷ ಇತ್ತು. ಮಂಡಿ ಹೋಯ್ತಂತಲ್ಲ, ಡಾಕ್ಟರು ಬರೋ ವರ್ಷ ಬೆಟ್ಟ ಇಳಿದು ಕೆಳಗೇ ಇರಿ ಅಂದಿದಾರೆ" ಅಂದಳು. ನೀನು ನನಗೆ ಒಂದು ಮಾತೂ ಬರೆಯಲಿಲ್ಲ. ನಿನ್ನ ಕೊನೆಯ ವರ್ಷವನ್ನು ನನ್ನ ಕೈಗೆ ತುರುಕಿ ನೀನು ಹೋಗಿ ಸಿಮೆಂಟು ತೊಟ್ಟಿಯ ಪಕ್ಕ ನಿಂತೆ. ಬಿದಿರಿನ ರಾಡು ಗೋಡೆಯ ಮೇಲಿದೆ, ಅದರ ಕಡೆ ನೋಡಲು ಆಗುತ್ತಿಲ್ಲ.

ವಾಪಸ್ ಬರಲಾ? ಹೇಳು, ಬರುತ್ತೇನೆ.

ಕಡ್ಡಿ


ಏಪ್ರಿಲ್ 17

ಕಡ್ಡಿ,

ಬಂದರೆ ಕಾಲು ಮುರಿಯುತ್ತೇನೆ. ಹಾಲಿನಾಕೆಗೆ ಬಾಯಿ ಹೆಚ್ಚು, ಹಾಲಿಗೆ ನೀರು ಹಾಕುವ ಹಾಗೆ ಮಾತಿಗೂ ಹಾಕುತ್ತಾಳೆ. ಮಂಡಿ ನನ್ನದು, ನಾನು ನೋಡಿಕೊಳ್ಳುತ್ತೇನೆ.

ತೊಟ್ಟಿಯ ಸಂಭ್ರಮ ಏನು ಹೇಳಲಿ! ಮೊದಲ ದಿನವೇ ಜನಜಾತ್ರೆ. ಎಲ್ಲರೂ ಒಂಬತ್ತಡಿಯ ರಾಡು ಹಿಡಿದು ಮೀನಿಲ್ಲದ ನೀರಿಗೆ ಎಸೆಯುತ್ತಾರೆ, ಎಸೆದು ನನ್ನ ಮುಖ ನೋಡುತ್ತಾರೆ. ನಾನು, "ಚೆನ್ನಾಗಿದೆ, ಮಣಿಕಟ್ಟು ಬಿಗಿ ಮಾಡಿ" ಅನ್ನುತ್ತೇನೆ. ಸಂಜೆಯ ಹೊತ್ತಿಗೆ ಅದೇ ಮಾತು ಎಷ್ಟು ಸಲ ಹೇಳಿದೆನೋ, ಕನಸಿನಲ್ಲೂ ಹೇಳಿದೆನಂತೆ. ನಿನ್ನ ಅತ್ತೆಗೂ ನನಗೂ ಮೊದಲ ದಿನ ಚಹಾದ ಸಕ್ಕರೆಗೆ ಜಗಳ, ಎರಡನೇ ದಿನ ರಾಜಿ. ಆಕೆಯೂ ಪಾಪ, ಮೆಟ್ಟಿಲು ಇಳಿದರೆ ಹತ್ತಲು ಭಯ, ಹತ್ತಿದರೆ ಇಳಿಯಲು ಭಯ.

ನಿನಗೆ ಸುಳ್ಳು ಹೇಳಬಾರದು. ನನಗೆ ಇಲ್ಲಿ ಉಸಿರು ಕಟ್ಟುತ್ತದೆ. ಮಂಚದಿಂದ ಕಿಟಕಿ ತೆರೆದರೆ ಲಾಂಡ್ರಿಯ ಗೋಡೆ. ಅಳಿಯಂದಿರು ತುಂಬ ಒಳ್ಳೆಯವರು, ನಾನು ಏಳುವ ಮೊದಲೇ ಕುರ್ಚಿ ತಂದಿಡುತ್ತಾರೆ. ನೀನು ಆ ಕುರ್ಚಿಯ ವಿಷಯ ಬರೆದಾಗ ನನಗೆ ಪೂರ್ತಿ ಅರ್ಥವಾಗಿರಲಿಲ್ಲ. ಈಗ ಆಯಿತು.

ಅದಕ್ಕೇ ಹೇಳುತ್ತಿದ್ದೇನೆ, ತಿಂಗಳ ಕೊನೆಯವರೆಗೂ ಅಲ್ಲೇ ಇರು. ಒಂದೊಂದು ದಿನವನ್ನೂ ನನ್ನ ಪಾಲಿಗೂ ಸೇರಿಸಿ ಹಿಡಿ. ಇದರ ಜೊತೆಗೇ ಅಳಿಯಂದಿರ ಕಾಗದವೂ ಇದೆ. ಅಂಟಿಸಿದ್ದಾರೆ, ನಾನು ಓದಿಲ್ಲ.

ತೊಟ್ಟಿಯ ದಡದಿಂದ,
ದೊಡ್ಡಮ್ಮ


ಏಪ್ರಿಲ್ 17

ಇವಳೇ,

ಹೇಗೆ ಶುರು ಮಾಡಬೇಕೋ ತಿಳಿಯುತ್ತಿಲ್ಲ. ನಿನಗೆ ಕಾಗದ ಬರೆಯುತ್ತಿರುವುದು ಇದೇ ಮೊದಲು. ನೀನು ಯಾವಾಗಲೂ ಇಲ್ಲೇ ಇದ್ದೆಯಲ್ಲ, ಬರೆಯುವ ಸಂದರ್ಭವೇ ಬರಲಿಲ್ಲ.

ಮನೆ ಬಿಕೋ ಅನ್ನುತ್ತಿದೆ. ಅಂಗಡಿಯಲ್ಲಿ ಜನ ತುಂಬಿದ್ದಾರೆ, ಆದರೂ ಬಿಕೋ ಅನ್ನುತ್ತಿದೆ. ನಿನ್ನೆ ಒಬ್ಬರು ರೀಲಿನ ಬಗ್ಗೆ ಏನೋ ಕೇಳಿದರು, ನಾನು ತಿರುಗಿ, "ಇವಳೇ, ಸ್ವಲ್ಪ ನೋಡು" ಅಂದೆ. ನನ್ನ ಹಿಂದೆ ಯಾರೂ ಇರಲಿಲ್ಲ. ಮೇಲೆ ಹೋಗಿ ಒಂದು ಲೋಟ ನೀರು ಕುಡಿದೆ. ಲೋಟ ಎಲ್ಲಿಡುತ್ತೀಯ ಅಂತಲೂ ನನಗೆ ಗೊತ್ತಿರಲಿಲ್ಲ.

ಯೋಚಿಸಿ ನೋಡಿದೆ. ನಾನೂ ಹುಟ್ಟಿದಾಗಿನಿಂದ ಈ ಅಂಗಡಿಯಲ್ಲೇ. ಅಪ್ಪ ಬಿಟ್ಟುಹೋದ ಜಾಗದಲ್ಲಿ ನಿಂತವನು ಅಲ್ಲೇ ನಿಂತೆ. ತೊರೆ ಹೇಗಿರುತ್ತದೆ ಅಂತ ನಾನೂ ಕಂಡವನಲ್ಲ. ಆದ್ದರಿಂದ ತೀರ್ಮಾನ ಮಾಡಿಬಿಟ್ಟಿದ್ದೇನೆ. ಬರುವ ಬುಧವಾರ ಅಂಗಡಿ ಮುಚ್ಚಿ ನಾನೂ ಅಲ್ಲಿಗೆ ಬರುತ್ತೇನೆ! ಒಂದು ವಾರ ಅಂಗಡಿ ಇಲ್ಲ ಅಂತ ಬೋರ್ಡು ಬರೆಸಿಯೂ ಆಯಿತು. ಹೋದರೆ ಹೋಗಲಿ ವ್ಯಾಪಾರ. ಅಮ್ಮನನ್ನು ದೊಡ್ಡಮ್ಮ ನೋಡಿಕೊಳ್ಳುತ್ತಾರೆ. ನೀಲಿ ರಾಡು ನನಗೆ ತರುತ್ತೇನೆ. ಇಬ್ಬರೂ ಸೇರಿ ಹಿಡಿಯೋಣ.

ನಿನಗೆ ಆಶ್ಚರ್ಯವಾಗಿರಬೇಕು ಅಲ್ಲವೇ?

ನಿನ್ನ,
ಇವರು


ಏಪ್ರಿಲ್ 19

ರೀ,

ಅಂಚೆಯ ವ್ಯಾನು ಹಾಲಿನಾಕೆಯ ಮನೆಯ ಮುಂದೆ ನಿಂತಿದೆ. ಡ್ರೈವರು ಚಹಾ ಕುಡಿಯುವಷ್ಟರಲ್ಲಿ ಇದನ್ನು ಬರೆದು ಕೊಡಬೇಕು, ತಪ್ಪಿದರೆ ಮಂಗಳವಾರವೇ. ಹಾಗಾಗಿ ಸುತ್ತು ಬಳಸು ಇಲ್ಲದೆ ಬರೆಯುತ್ತೇನೆ. ಬೇಸರ ಮಾಡಿಕೊಳ್ಳಬೇಡಿ. ಮಾಡಿಕೊಂಡರೂ ಸರಿ, ಪೂರ್ತಿ ಓದಿ.

ನಿಮ್ಮ ಕಾಗದ ಮೂರು ಸಲ ಓದಿದೆ. ಲೋಟದ ಮಾತು ಬಂದಲ್ಲಿ ಅಳು ಬಂತು. ಇಷ್ಟು ವರ್ಷದಲ್ಲಿ ನೀವು ನನಗೆ ಹೇಳಿದ ಮಾತುಗಳಲ್ಲೆಲ್ಲ ಇದೇ ಹೆಚ್ಚು ನನ್ನದು ಅನ್ನಿಸಿತು.

ಆದರೆ ನೀವು ಬರಬೇಡಿ.

ನೀವು ಬಂದರೆ ಮೊದಲ ದಿನ ನಿಮಗೆ ಬೂಟು ಹುಡುಕಿ ಕೊಡುತ್ತೇನೆ. ಎರಡನೇ ದಿನ ನಿಮ್ಮ ಲೈನನ್ನು ಮರದಿಂದ ಬಿಡಿಸುತ್ತೇನೆ. ಮೂರನೇ ದಿನ ಊಟಕ್ಕೆ ಏನು ಅಂತ ಯೋಚಿಸುತ್ತಿರುತ್ತೇನೆ. ನೀವು ಅದನ್ನೆಲ್ಲ ಕೇಳುವುದಿಲ್ಲ ಅಂತ ಗೊತ್ತು. ನೀವು ಕೇಳದಿದ್ದರೂ ನಾನು ಮಾಡುತ್ತೇನೆ, ನನ್ನ ರೋಗವೇ ಅದು. ಈ ನಾಲ್ಕು ದಿನದಲ್ಲಿ ನಾನು ಯಾರಿಗೂ ಏನನ್ನೂ ತಂದುಕೊಟ್ಟಿಲ್ಲ. ನಿನ್ನೆ ಮಧ್ಯಾಹ್ನ ಕಲ್ಲಿನ ಮೇಲೆ ಸುಮ್ಮನೆ ಕೂತಿದ್ದೆ, ಮೀನು ಹಿಡಿಯಲೂ ಇಲ್ಲ. ಎಷ್ಟು ಹೊತ್ತಾಯಿತೋ ನೋಡಲಿಲ್ಲ. ನನಗೆ ಅದು ಇನ್ನೂ ಬೇಕು.

ಇನ್ನೊಂದು ಮಾತಿದೆ. ನೀವು ಒಂದು ವಾರ ಅಂಗಡಿ ಮುಚ್ಚಿ ಬರುತ್ತೇನೆ ಅಂದಿದ್ದೀರಿ. ಏಪ್ರಿಲ್‌ನಲ್ಲಿ, ಸುಗ್ಗಿಯ ನಡುವೆ! ಅಂಗಡಿ ಮುಚ್ಚಬಹುದು ಅಂತ ನನಗೆ ಗೊತ್ತೇ ಇರಲಿಲ್ಲ ರೀ. ನನ್ನ ತಾಯಿ ಹಾಸಿಗೆ ಹಿಡಿದು ಮಲಗಿದ್ದಾಗ ಎರಡು ದಿನಕ್ಕೆ ಹೋಗಿ ಮೂರನೇ ದಿನ ಬೆಳಗ್ಗೆ ಬಾಗಿಲು ತೆರೆಯಲು ಓಡಿಬಂದೆ. ಅವಳು ಆ ಸಂಜೆ ತೀರಿಕೊಂಡಳು. ನೀವು ಇರು ಅಂದಿರಿ, ನಾನೇ ಬಂದೆ, ಅಂಗಡಿ ಮುಚ್ಚುವ ಹಾಗಿಲ್ಲವಲ್ಲ ಅಂತ. ಮುಚ್ಚುವುದು ಅಂದರೆ ಒಂದು ಬೋರ್ಡು ಬರೆಸುವುದು, ಅಷ್ಟೇ ಅಂತ ನೀವು ಈಗ ಹೇಳುತ್ತಿದ್ದೀರಿ.

ಸರಿ, ಮುಚ್ಚಿ. ಬೋರ್ಡು ಹೇಗೂ ಇದೆ. ತೊಟ್ಟಿಗೆ ಹಲಗೆ ಹೊದಿಸಿ. ಒಂದು ವಾರ ನೀವು ಮನೆಯಲ್ಲಿರಿ, ಅತ್ತೆಗೆ ನಾಲ್ಕರ ಚಹಾ ನೀವೇ ಮಾಡಿಕೊಡಿ, ಸಕ್ಕರೆ ಒಂದೂವರೆ ಚಮಚ. ಅವರ ಕೈ ಹಿಡಿದು ದಿನಕ್ಕೊಂದು ಸಲ ಮೆಟ್ಟಿಲು ಇಳಿಸಿ ಹತ್ತಿಸಿ.

ದೊಡ್ಡಮ್ಮನನ್ನು ಇಲ್ಲಿಗೆ ಕಳಿಸಿ. ಅವಳಿಗೆ ಇದು ಕೊನೆಯ ವರ್ಷ, ತಾನಾಗಿ ಹೇಳುವವಳಲ್ಲ, ಕೇಳಿದರೆ ನಿಮ್ಮ ಮೇಲೇ ರೇಗುತ್ತಾಳೆ, ನೀವು ಬಗ್ಗಬೇಡಿ. ಮಡುವಿನವರೆಗೂ ನಾನು ಅವಳ ಕೈ ಹಿಡಿದುಕೊಂಡು ಹೋಗುತ್ತೇನೆ. ಈ ತೊರೆ ಸಣ್ಣದು, ಇಬ್ಬರಿಗಿಂತ ಹೆಚ್ಚು ಹಿಡಿಸುವುದಿಲ್ಲ.

ಡ್ರೈವರು ಹಾರ್ನ್ ಹಾಕುತ್ತಿದ್ದಾನೆ. ದೊಡ್ಡಮ್ಮನಿಗೆ ಸೋಮವಾರದ ಬೆಳಗಿನ ಬಸ್ಸು. ಮುಂದಿನ ಸಾಲಿನಲ್ಲಿ ಸೀಟು ಕೊಡಿಸಿ, ಅವಳಿಗೆ ಕಾಲು ಚಾಚಲು ಜಾಗ ಬೇಕು.

ನಿಮ್ಮ,
ಇವಳು